ಮಗನ ಎಂಜಿನಿಯರಿಂಗ್ ಶುಲ್ಕಕ್ಕೆ ಮಹಾರಾಷ್ಟ್ರದಲ್ಲಿ ನೆರವು: ಊರಿನ ಜಾತಿ ಪ್ರಮಾಣಪತ್ರ ಇಲ್ಲಿ ನಡೆಯುತ್ತದೆಯೇ?

ಪ್ರಶ್ನೆ – ಡೊಂಬಿವಲಿಯ ಪೋಷಕ

ಮಾನ್ಯರೇ, ನಾನು ಕಾರ್ಕಳ ತಾಲ್ಲೂಕಿನವನು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಡೊಂಬಿವಲಿಯಲ್ಲಿ ಸಂಸಾರ ಹೂಡಿದ್ದೇನೆ, ಥಾಣೆಯ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುತ್ತೇನೆ. ಸಂಬಳ ನಗದಾಗಿ ಕೈಗೆ ಬರುವುದರಿಂದ ಫಾರ್ಮ್ 16 (ಮಾಲೀಕರು ಕೊಡುವ ಸಂಬಳ-ತೆರಿಗೆಯ ಪತ್ರ) ಇಲ್ಲ. ವರ್ಷದ ಆದಾಯ 4 ಲಕ್ಷದೊಳಗಿದೆ. ಮಗನಿಗೆ ಈ ವರ್ಷ ಕ್ಯಾಪ್ (ಸರಕಾರದ ಕೇಂದ್ರೀಕೃತ ಪ್ರವೇಶ) ಸುತ್ತಿನಲ್ಲಿ ನವಿ ಮುಂಬಯಿಯ ಖಾಸಗಿ, ಅನುದಾನರಹಿತ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓಪನ್ ವರ್ಗದಲ್ಲಿ ಸೀಟು ದೊರೆತಿದೆ. ಊರಿನಲ್ಲಿ ನಮ್ಮ ಜಾತಿ ಹಿಂದುಳಿದ ವರ್ಗದಲ್ಲಿದ್ದು, ತಹಶೀಲ್ದಾರರು ಕೊಟ್ಟ ಪ್ರಮಾಣಪತ್ರವೂ ನನ್ನಲ್ಲಿದೆ. ಅದನ್ನು ತೋರಿಸಿ ಇಲ್ಲಿ ವಿದ್ಯಾರ್ಥಿವೇತನ ಪಡೆಯಬಹುದೇ? ಇಲ್ಲವಾದರೆ ಕರ್ನಾಟಕ ಸರಕಾರದ ಎಸ್‌ಎಸ್‌ಪಿ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದೇ? ಮಗ ಹುಟ್ಟಿದ್ದು ಡೊಂಬಿವಲಿಯಲ್ಲೇ. ಆದರೆ ಒಂದರಿಂದ ನಾಲ್ಕನೆಯ ತರಗತಿಯವರೆಗೆ ಅಜ್ಜಿಯ ಮನೆಯಲ್ಲಿದ್ದು ಊರಿನ ಕನ್ನಡ ಶಾಲೆಯಲ್ಲಿ ಕಲಿತನು. ಎಸ್‌ಎಸ್‌ಸಿ (ಹತ್ತನೆಯ ತರಗತಿ) ಮತ್ತು ಎಚ್‌ಎಸ್‌ಸಿ (ಹನ್ನೆರಡನೆಯ ತರಗತಿ) ಎರಡೂ ಇಲ್ಲಿಯವೇ. ಅವನ ತಂಗಿ ಈಗ ಹನ್ನೆರಡನೆಯ ತರಗತಿಯಲ್ಲಿದ್ದಾಳೆ. ನಮ್ಮ ನೆಂಟರು, ಆ ಕಚೇರಿ ಈ ಕಚೇರಿ ಎಂದು ಅಲೆಯುವ ಬದಲು ಸೀದಾ ಬ್ಯಾಂಕಿನಲ್ಲಿ ಸಾಲ ತೆಗೆದುಬಿಡು ಎನ್ನುತ್ತಾರೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1 – ಕಾಲೇಜು ಕಚೇರಿಯ ನಿವೃತ್ತ ಹೆಡ್‌ಕ್ಲಾರ್ಕ್, ಥಾಣೆ

ನಮಸ್ಕಾರ. ಮೊದಲು ಜಾತಿ ಪ್ರಮಾಣಪತ್ರದ ವಿಚಾರವನ್ನು ಮುಗಿಸಿಬಿಡೋಣ, ಏಕೆಂದರೆ ನಮ್ಮವರ ಅರ್ಜಿಗಳು ಹೆಚ್ಚಾಗಿ ಸಿಕ್ಕಿಬೀಳುವುದು ಅಲ್ಲೇ. ಒಂದು ರಾಜ್ಯದಲ್ಲಿ ಹಿಂದುಳಿದ ವರ್ಗಕ್ಕೆ ಸೇರಿದವರು ಇನ್ನೊಂದು ರಾಜ್ಯಕ್ಕೆ ವಲಸೆ ಬಂದ ಮಾತ್ರಕ್ಕೆ ಅಲ್ಲಿನ ಮೀಸಲಾತಿಗೂ ಅದನ್ನು ಅವಲಂಬಿಸಿದ ವಿದ್ಯಾರ್ಥಿವೇತನಕ್ಕೂ ಅರ್ಹರಾಗುವುದಿಲ್ಲ. ಮಹಾರಾಷ್ಟ್ರದಲ್ಲಿ ಒಬಿಸಿ ಪ್ರಮಾಣಪತ್ರ ಬೇಕಾದರೆ ಕುಟುಂಬವು 13 ಅಕ್ಟೋಬರ್ 1967ಕ್ಕಿಂತ ಮೊದಲೇ ಇಲ್ಲಿ ನೆಲೆಸಿತ್ತು ಎಂಬುದಕ್ಕೆ ದಾಖಲೆ ಕೊಡಬೇಕಾಗುತ್ತದೆ. ಪರಿಶಿಷ್ಟ ಜಾತಿಯವರಿಗೆ ಆ ದಿನಾಂಕ 10 ಆಗಸ್ಟ್ 1950. ಜೊತೆಗೆ ಆ ಜಾತಿ ಮಹಾರಾಷ್ಟ್ರದ ಸ್ವಂತ ಪಟ್ಟಿಯಲ್ಲಿಯೂ ಇರಬೇಕು. ನೀವು ಬಂದು ಇಪ್ಪತ್ತು ವರ್ಷಗಳಾದವು ಎನ್ನುತ್ತೀರಿ. ನಿಮ್ಮ ತಂದೆಯವರೋ ಅಜ್ಜನವರೋ 1967ರ ಆ ದಿನಾಂಕಕ್ಕಿಂತ ಮೊದಲೇ ಮುಂಬಯಿಯಲ್ಲಿ ನೆಲೆಸಿರದಿದ್ದರೆ ಕಾರ್ಕಳದ ಕಾಗದ ಇಲ್ಲಿ ಉಪಯೋಗಕ್ಕೆ ಬಾರದು. ನಿಮ್ಮ ಮಗ ಓಪನ್ ವರ್ಗದಲ್ಲೇ ಸೀಟು ಪಡೆದಿರುವುದರಿಂದ ಈ ಗೊಂದಲಕ್ಕೆ ಕಾಲಿಡದೆ ಮುಂದಕ್ಕೆ ಹೋಗುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಓಪನ್ ವರ್ಗದವರಿಗೆ ಏನೂ ಇಲ್ಲ ಎಂದು ಭಾವಿಸಬೇಡಿ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದಿದ್ದರೆ, ರಾಜರ್ಷಿ ಛತ್ರಪತಿ ಶಾಹು ಮಹಾರಾಜ ಶಿಕ್ಷಣ ಶುಲ್ಕ ಶಿಷ್ಯವೃತ್ತಿ ಯೋಜನೆಯಡಿ ಬೋಧನಾ ಶುಲ್ಕದ ಮತ್ತು ಪರೀಕ್ಷಾ ಶುಲ್ಕದ ಅರ್ಧ ಭಾಗವನ್ನು ರಾಜ್ಯ ಸರಕಾರ ಭರಿಸುತ್ತದೆ. ಕಾಲೇಜುಗಳಲ್ಲಿ ಎಲ್ಲರೂ ಇದನ್ನು ಇಬಿಸಿ ಎಂದೇ ಕರೆಯುತ್ತಾರೆ. ಸೀಟು ಕ್ಯಾಪ್ ಮೂಲಕ ಸಿಕ್ಕಿರಬೇಕು; ಮ್ಯಾನೇಜ್‌ಮೆಂಟ್ ಕೋಟಾದವರಿಗೂ ಡೀಮ್ಡ್ ವಿಶ್ವವಿದ್ಯಾಲಯದವರಿಗೂ ಇದು ಅನ್ವಯಿಸದು. ಒಂದು ಕುಟುಂಬದ ಇಬ್ಬರು ಮಕ್ಕಳಿಗೆ ಮಾತ್ರ ದೊರೆಯುತ್ತದೆಯಾದ್ದರಿಂದ ನಿಮ್ಮ ಮಗಳ ಕಾಲಕ್ಕೂ ಜಾಗ ಉಳಿಯುತ್ತದೆ. ಆದರೆ ಕಾಲೇಜಿನ ಶುಲ್ಕ ರಸೀದಿಯನ್ನು ಒಮ್ಮೆ ಗಮನವಿಟ್ಟು ಓದಿರಿ: ಅದರಲ್ಲಿ ಟ್ಯೂಷನ್ ಶುಲ್ಕ ಒಂದು ಸಾಲು, ಡೆವಲಪ್‌ಮೆಂಟ್ ಶುಲ್ಕ ಇನ್ನೊಂದು ಸಾಲು ಇರುತ್ತದೆ. ಅರ್ಧ ಮಾಫಿ ಸಿಗುವುದು ಮೊದಲನೆಯ ಸಾಲಿಗೆ. ಎರಡನೆಯದನ್ನು ನೀವೇ ಕಟ್ಟಬೇಕು. ಒಟ್ಟು ಮೊತ್ತವನ್ನು ಎರಡರಿಂದ ಭಾಗಿಸಿ ಲೆಕ್ಕ ಹಾಕಿಕೊಂಡು ಬಂದ ಪೋಷಕರು ಕೌಂಟರಿನಲ್ಲಿ ವಾದಕ್ಕೆ ನಿಲ್ಲುವುದನ್ನು ನಾನು ಪ್ರತಿ ವರ್ಷ ನೋಡಿದ್ದೇನೆ.

ಅರ್ಜಿ ಸಲ್ಲಿಸಬೇಕಾದುದು ಮಹಾರಾಷ್ಟ್ರ ಸರಕಾರದ ಮಹಾಡಿಬಿಟಿ ಪೋರ್ಟಲ್‌ನಲ್ಲಿ. ಇದಕ್ಕೆ ಮಹಾರಾಷ್ಟ್ರದ ಡೊಮಿಸಾಯಿಲ್ (ಖಾಯಂ ನಿವಾಸಿ) ಪ್ರಮಾಣಪತ್ರ ಮತ್ತು ತಹಶೀಲ್ದಾರರ ಆದಾಯ ಪ್ರಮಾಣಪತ್ರ ಬೇಕೇಬೇಕು. ಪ್ರವೇಶದ ಸಮಯದಲ್ಲಿ ಮಗನ ಜನನ ಪ್ರಮಾಣಪತ್ರವೋ ಶಾಲೆಯ ಲೀವಿಂಗ್ ಸರ್ಟಿಫಿಕೇಟೋ ಸಾಕಾಗಿರಬಹುದು, ಏಕೆಂದರೆ ಇಲ್ಲಿ ಎಸ್‌ಎಸ್‌ಸಿ, ಎಚ್‌ಎಸ್‌ಸಿ ಮುಗಿಸಿ ಇಲ್ಲಿಯೇ ಹುಟ್ಟಿದವನನ್ನು ಮಹಾರಾಷ್ಟ್ರದ ಅಭ್ಯರ್ಥಿ ಎಂದೇ ಒಪ್ಪುತ್ತಾರೆ. ಶಿಷ್ಯವೃತ್ತಿಗೆ ಅಷ್ಟು ಸಾಲದು, ಡೊಮಿಸಾಯಿಲ್ ಕಾಗದವೇ ಆಗಬೇಕು. ಅದಕ್ಕೆ 15 ವರ್ಷಗಳ ವಾಸದ ಪುರಾವೆ ಕೇಳುತ್ತಾರೆ. ಮಗ ಊರಿನ ಶಾಲೆಯಲ್ಲಿದ್ದ ನಾಲ್ಕು ವರ್ಷಗಳು ಇಲ್ಲಿ ಪ್ರಶ್ನೆಯಾಗಿ ಎದುರಾಗಬಹುದು. ಆದ್ದರಿಂದ ನಿಮ್ಮ ಹೆಸರಿನ ಡೊಮಿಸಾಯಿಲನ್ನು ಮೊದಲು ಮಾಡಿಸಿಕೊಂಡು, ಹಳೆಯ ರೇಷನ್ ಕಾರ್ಡು, ಬಾಡಿಗೆ ಕರಾರು, ವಿದ್ಯುತ್ ಬಿಲ್ಲುಗಳು, ಮಗನ ಜನನ ಪ್ರಮಾಣಪತ್ರ ಎಲ್ಲವನ್ನೂ ವರ್ಷದ ಕ್ರಮದಲ್ಲಿ ಜೋಡಿಸಿ, ಅವನ ಅರ್ಜಿಯ ಜೊತೆಗೆ ಇಡಿ. ಮಗು ಕೆಲವು ವರ್ಷ ಅಜ್ಜಿಯ ಬಳಿ ಇದ್ದರೂ ತಂದೆತಾಯಿಯ ಮನೆ ಡೊಂಬಿವಲಿಯಲ್ಲೇ ಇತ್ತು ಎಂಬುದು ಕಾಗದಗಳಿಂದಲೇ ಕಾಣಬೇಕು.

ಉತ್ತರ 2 – ಕುರ್ಲಾ ನಿವಾಸಿ

ಹಿರಿಯರು ಹೇಳಿದ 1967ರ ಮಾತಿಗೆ ಒಂದು ಸಣ್ಣ ಸೇರ್ಪಡೆ. ನಮ್ಮ ಅಜ್ಜಂದಿರಲ್ಲಿ ಅನೇಕರು ಹಗಲು ಹೋಟೆಲಿನಲ್ಲಿ ದುಡಿದು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರು. ಅಂಥವರ ಹಳೆಯ ಶಾಲಾ ಪ್ರಮಾಣಪತ್ರವೋ ಗಿರಣಿ ಕೆಲಸದ ದಾಖಲೆಯೋ ಮನೆಯಲ್ಲಿದ್ದರೆ ಅದನ್ನು ರದ್ದಿಗೆ ಹಾಕದಿರಿ. 1967ಕ್ಕಿಂತ ಹಿಂದಿನ ವಾಸಕ್ಕೆ ಅದೇ ಆಧಾರವಾಗುತ್ತದೆ. ಆದರೂ ಜಾತಿ ಪ್ರಮಾಣಪತ್ರ ಸಿಕ್ಕಿದ ಮೇಲೆ ಪರಿಶೀಲನಾ ಸಮಿತಿಯಿಂದ ವ್ಯಾಲಿಡಿಟಿಯನ್ನೂ (ಜಾತಿ ಪ್ರಮಾಣಪತ್ರ ಸರಿಯಿದೆ ಎಂಬ ಪತ್ರ) ಪಡೆಯಬೇಕಾಗುತ್ತದೆ, ಅದು ವಾರದೊಳಗೆ ಮುಗಿಯುವ ಕೆಲಸವಲ್ಲ.

ಉತ್ತರ 3 – ನಿವೃತ್ತ ಬ್ಯಾಂಕ್ ಅಧಿಕಾರಿ, ಪುಣೆ

ಸಾಲದ ಬಗ್ಗೆ ನಾನು ಬರೆಯುತ್ತೇನೆ. ನಿಮ್ಮ ನೆಂಟರು ಹೇಳಿದಂತೆ ಮೊದಲೇ ಸಾಲಕ್ಕೆ ಕೈಹಾಕಬೇಡಿ. ಸರಕಾರ ಕೊಡುವ ಅರ್ಧ ಕಳೆದು ಉಳಿದುದಕ್ಕಷ್ಟೇ ಸಾಲ ಕೇಳಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ನೀವು ಕೈಯಿಂದ ಮಾರ್ಜಿನ್ (ಖರ್ಚಿನಲ್ಲಿ ನಿಮ್ಮ ಪಾಲಿನ ಹಣ) ಹಾಕಬೇಕಾಗಿಲ್ಲ, 7.5 ಲಕ್ಷದವರೆಗೆ ಆಸ್ತಿ ಅಡವಿಡಬೇಕಾಗಿಲ್ಲ. ತಂದೆ ಅಥವಾ ತಾಯಿ ಸಹಸಾಲಗಾರರಾಗಿ ಸಹಿ ಹಾಕಿದರೆ ಸಾಕು. ಶಾಖೆಯ ಮ್ಯಾನೇಜರರು ಈ ಮಿತಿಯೊಳಗಿನ ಸಾಲಕ್ಕೂ ಊರಿನ ಜಮೀನಿನ ಪಹಣಿ ತರಲು ಹೇಳಿದರೆ, ಅದನ್ನು ಯಾವ ನಿಯಮದಡಿ ಕೇಳುತ್ತೀರಿ ಎಂದು ವಿನಯದಿಂದಲೇ ಬರಹದಲ್ಲಿ ವಿಚಾರಿಸಿ.

ನಿಮಗೆ ನಿಜವಾಗಿ ಲಾಭವಾಗುವುದು ಬಡ್ಡಿಯ ವಿಚಾರದಲ್ಲಿ. ಕುಟುಂಬದ ಆದಾಯ 4.5 ಲಕ್ಷದೊಳಗಿದ್ದರೆ, ಕೇಂದ್ರದ ಬಡ್ಡಿ ಸಹಾಯಧನ ಯೋಜನೆಯಡಿ ಓದಿನ ಅವಧಿ ಮತ್ತು ಅದರ ನಂತರದ ಒಂದು ವರ್ಷದ ಬಡ್ಡಿಯನ್ನು ಸರಕಾರವೇ ಕಟ್ಟುತ್ತದೆ. ಆದರೆ ಕಾಲೇಜಿಗೆ ನ್ಯಾಕ್ ಮಾನ್ಯತೆಯೋ ಆ ಕೋರ್ಸಿಗೆ ಎನ್‌ಬಿಎ ಮಾನ್ಯತೆಯೋ (ಎರಡೂ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆಗಳು) ಇರಬೇಕು. ಇದನ್ನು ಪ್ರವೇಶಕ್ಕೆ ಮೊದಲೇ ಕೇಳಿ ತಿಳಿದುಕೊಂಡಿದ್ದರೆ ಚೆನ್ನಾಗಿತ್ತು, ಈಗಲಾದರೂ ಕಾಲೇಜಿನಿಂದ ಕಾಗದ ಪಡೆಯಿರಿ. ನವೆಂಬರ್ 2024ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಇದಕ್ಕಿಂತ ಬೇರೆ. ಅಲ್ಲಿ ಜಾಮೀನು, ಅಡಮಾನ ಎರಡೂ ಇಲ್ಲ. ಆದಾಯ 8 ಲಕ್ಷದೊಳಗಿದ್ದವರಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಶೇಕಡಾ 3ರಷ್ಟು ಬಡ್ಡಿ ರಿಯಾಯಿತಿಯೂ ಉಂಟು. ಆದರೆ ಅದು ರಾಷ್ಟ್ರಮಟ್ಟದ ಶ್ರೇಯಾಂಕದ ಆಧಾರದಲ್ಲಿ ಆರಿಸಿದ ಸಂಸ್ಥೆಗಳಿಗೆ ಮಾತ್ರ ಸೀಮಿತ, ಆದ್ದರಿಂದ ನಿಮ್ಮ ಮಗನ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ.

ಇನ್ನು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಕೇಂದ್ರದ ಒಂದು ಯೋಜನೆಯಿದೆ. ಹನ್ನೆರಡನೆಯ ತರಗತಿಯ ಮಂಡಳಿ ಪರೀಕ್ಷೆಯಲ್ಲಿ 80ನೆಯ ಪರ್ಸೆಂಟೈಲ್‌ಗಿಂತ ಮೇಲಿರುವ (ಅಂದರೆ ಅಂಕಗಳಲ್ಲಿ ಮೇಲಿನ ಶೇಕಡಾ 20ರೊಳಗಿನ), ಆದಾಯ 4.5 ಲಕ್ಷದೊಳಗಿನ ಕುಟುಂಬದ ಮಕ್ಕಳಿಗೆ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ ಕೊಡುತ್ತಾರೆ. ಇದನ್ನು ಪಡೆದವರು ರಾಜ್ಯದ ಶುಲ್ಕ ಮಾಫಿಯನ್ನು ಜೊತೆಗೆ ಪಡೆಯುವಂತಿಲ್ಲ. ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಅರ್ಧ ಬೋಧನಾ ಶುಲ್ಕ ಈ ಮೊತ್ತಕ್ಕಿಂತ ಎಷ್ಟೋ ದೊಡ್ಡದಾಗಿರುವುದರಿಂದ ನೀವು ಇಬಿಸಿಯನ್ನೇ ಆರಿಸಿಕೊಳ್ಳಿ. ನಾಳೆ ನಿಮ್ಮ ಮಗಳು ಬಿ.ಕಾಂ. ಸೇರುವುದಾದರೆ ಆಗ ಈ ಯೋಜನೆಯನ್ನು ಯೋಚಿಸಬಹುದು. ತಾಂತ್ರಿಕ ಕೋರ್ಸಿಗೆ ಸೇರುವುದಾದರೆ ಎಐಸಿಟಿಇಯ (ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ) ಪ್ರಗತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ರೂಪಾಯಿ ಇದೆ, ಅಲ್ಲಿಯೂ ಆದಾಯದ ಮಿತಿ 8 ಲಕ್ಷ.

ಮರುಪ್ರಶ್ನೆ – ಡೊಂಬಿವಲಿಯ ಪೋಷಕ

ಎಲ್ಲರಿಗೂ ಧನ್ಯವಾದಗಳು. ಎಸ್‌ಎಸ್‌ಪಿಯ ಬಗ್ಗೆ ಯಾರೂ ಹೇಳಲಿಲ್ಲ. ಎರಡನೆಯದಾಗಿ, ಸಂಬಳದ ಚೀಟಿಯೇ ಇಲ್ಲದ ನನ್ನಂಥವರು ಆದಾಯ ಪ್ರಮಾಣಪತ್ರವನ್ನು ಹೇಗೆ ಪಡೆಯಬೇಕು? ನಮ್ಮ ಸಮಾಜದ ಸಂಘದಲ್ಲಿ ಕೇಳುವುದು ಸರಿಯೇ, ಅಥವಾ ಅದರಿಂದ ಸರಕಾರದ ನೆರವಿಗೆ ತೊಂದರೆಯಾದೀತೇ?

ಉತ್ತರ 4 – ಕಾಲೇಜು ಕಚೇರಿಯ ನಿವೃತ್ತ ಹೆಡ್‌ಕ್ಲಾರ್ಕ್, ಥಾಣೆ

ಎಸ್‌ಎಸ್‌ಪಿ ಕರ್ನಾಟಕದ ಖಾಯಂ ನಿವಾಸಿಗಳಿಗಾಗಿ ಇರುವುದು. ಇಲ್ಲಿ ಡೊಮಿಸಾಯಿಲ್ ತೆಗೆಸಿ ಅಲ್ಲಿಯೂ ನಿವಾಸಿ ಎಂದು ಬರೆದುಕೊಡುವುದು ಸುಳ್ಳು ಹೇಳಿಕೆಯಾಗುತ್ತದೆ. ಆಧಾರ್ ಒಂದೇ ಇರುವುದರಿಂದ ಅದು ಬಯಲಾಗುವುದೂ ಕಷ್ಟವಲ್ಲ. ಆ ದಾರಿ ಬೇಡ.

ಆದಾಯ ಪ್ರಮಾಣಪತ್ರಕ್ಕೆ ಸರಕಾರಿ ಕಾಗದಪತ್ರಗಳ ಸೇತು ಕೇಂದ್ರದಲ್ಲಾಗಲಿ ರಾಜ್ಯದ ಆಪ್ಲೆ ಸರ್ಕಾರ್ ಪೋರ್ಟಲ್‌ನಲ್ಲಾಗಲಿ ಅರ್ಜಿ ಹಾಕಿ. ಫಾರ್ಮ್ 16 ಇಲ್ಲದವರಿಗೆ ತಲಾಠಿಯ (ನಮ್ಮೂರಿನ ಗ್ರಾಮ ಲೆಕ್ಕಿಗರಂಥ ಕಂದಾಯ ಅಧಿಕಾರಿ) ವರದಿಯೂ ಸ್ವಯಂಘೋಷಣೆಯೂ ಆಧಾರ. ನಿಮ್ಮ ಹೋಟೆಲಿನ ಮಾಲೀಕರಿಂದ ಲೆಟರ್‌ಹೆಡ್‌ನಲ್ಲಿ ತಿಂಗಳ ಸಂಬಳ ನಮೂದಿಸಿದ ಪತ್ರ ತಂದರೆ ತಲಾಠಿಯ ಕೆಲಸ ಸುಲಭವಾಗುತ್ತದೆ. ನಿಮ್ಮ ಪತ್ನಿ ಟಿಫಿನ್ ಕೊಡುವುದೋ ಹೊಲಿಗೆಯೋ ಮಾಡುತ್ತಿದ್ದರೆ ಅದನ್ನೂ ಸೇರಿಸಿ ಹೇಳಿ. ಮಿತಿ 8 ಲಕ್ಷ ಇರುವಾಗ ಮುಚ್ಚಿಡುವ ಅಗತ್ಯವೇ ಇಲ್ಲ.

ಮಹಾಡಿಬಿಟಿಯಲ್ಲಿ ಅರ್ಜಿ ಸಲ್ಲಿಸಿದ ಮೇಲೆ ಅದು ಮೊದಲು ಕಾಲೇಜಿನ ಕ್ಲಾರ್ಕ್‌ನ ಲಾಗಿನ್‌ಗೆ, ಅಲ್ಲಿಂದ ಪ್ರಾಂಶುಪಾಲರ ಲಾಗಿನ್‌ಗೆ, ಆಮೇಲೆ ಇಲಾಖೆಗೆ ಹೋಗುತ್ತದೆ. ಕಾಗದ ಮಸುಕಾಗಿದ್ದರೂ ಹೆಸರಿನ ಅಕ್ಷರ ಹೊಂದದಿದ್ದರೂ ಅರ್ಜಿ ಸೆಂಡ್ ಬ್ಯಾಕ್ ಆಗುತ್ತದೆ. ಮೊಬೈಲಿಗೆ ಸಂದೇಶ ಬರಲಿ ಎಂದು ಕಾಯದೆ ವಾರಕ್ಕೊಮ್ಮೆ ಮಗನೇ ಲಾಗಿನ್ ಆಗಿ ನೋಡಲಿ. ನಮ್ಮ ಕಡೆಯ ಮಕ್ಕಳಿಗೆ ಇನ್ನೊಂದು ತೊಡಕು ಬರುವುದುಂಟು: ಎಸ್‌ಎಸ್‌ಸಿ ಪ್ರಮಾಣಪತ್ರದಲ್ಲಿ ಮಹಾರಾಷ್ಟ್ರದ ಪದ್ಧತಿಯಂತೆ ತಂದೆಯ ಹೆಸರು ನಡುವೆ ಬಂದಿರುತ್ತದೆ, ಊರಿನಲ್ಲಿ ಮಾಡಿಸಿದ ಆಧಾರ್‌ನಲ್ಲಿ ಬರೀ ಇನಿಷಿಯಲ್ ಇರುತ್ತದೆ. ಅರ್ಜಿಗೆ ಮೊದಲೇ ಆಧಾರ್ ತಿದ್ದಿಸಿಕೊಳ್ಳಿ.

ಉತ್ತರ 5 – ನಿವೃತ್ತ ಬ್ಯಾಂಕ್ ಅಧಿಕಾರಿ, ಪುಣೆ

ಹಣ ಜಮೆಯಾಗುವ ಖಾತೆಯ ಬಗ್ಗೆ ಒಂದು ಮಾತು. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟು ಕೆವೈಸಿ ಮಾಡಿಸಿದರೆ ಸಾಲದು; ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಇಟ್ಟಿರುವ ಆಧಾರ್-ಬ್ಯಾಂಕ್ ಪಟ್ಟಿಯಲ್ಲಿ ಆ ಖಾತೆಯೇ ಆಧಾರ್‌ಗೆ ಜೋಡಣೆಯಾಗಿರಬೇಕು. ಊರಿನಲ್ಲಿದ್ದಾಗ ಮಗನ ಹೆಸರಿನಲ್ಲಿ ತೆರೆದ ಹಳೆಯ ಖಾತೆಯೇ ಜೋಡಣೆಯಾಗಿ ಉಳಿದಿದ್ದರೆ ಹಣ ಅಲ್ಲಿಗೆ ಹೋಗುತ್ತದೆ, ಖಾತೆ ಮುಚ್ಚಿದ್ದರೆ ಮರಳಿ ಹೋಗುತ್ತದೆ. ಮೈಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಎಂಬಲ್ಲಿ ಯಾವ ಬ್ಯಾಂಕು ತೋರಿಸುತ್ತದೆ ಎಂದು ನೋಡಿ, ಬೇಕಾದರೆ ಈಗಿನ ಶಾಖೆಯಲ್ಲಿ ಬದಲಾಯಿಸಿಕೊಳ್ಳಿ.

ಉತ್ತರ 6 – ಕುರ್ಲಾ ನಿವಾಸಿ

ಸಮಾಜದ ಸಂಘದಲ್ಲಿ ಕೇಳಲು ಸಂಕೋಚ ಬೇಡ. ಬಂಟರ ಸಂಘ, ಬಿಲ್ಲವರ ಅಸೋಸಿಯೇಷನ್, ಮೊಗವೀರ ವ್ಯವಸ್ಥಾಪಕ ಮಂಡಳಿ ಮೊದಲಾದ ಮುಂಬಯಿಯ ಸಂಸ್ಥೆಗಳು ಮಕ್ಕಳ ಓದಿಗೆ ನೆರವು ನೀಡುತ್ತ ಬಂದಿವೆ. ಇಂಥ ಖಾಸಗಿ ಸಹಾಯಕ್ಕೆ ಅರ್ಜಿ ಹಾಕುವಾಗ ಸರಕಾರದಿಂದ ಏನನ್ನು ನಿರೀಕ್ಷಿಸುತ್ತಿದ್ದೀರಿ ಎಂಬುದನ್ನು ತೆರೆದು ಹೇಳಿ, ಡೆವಲಪ್‌ಮೆಂಟ್ ಶುಲ್ಕ, ಪುಸ್ತಕ, ರೈಲಿನ ಪಾಸು ಇಂತಹ ಖರ್ಚಿಗೆ ಎಂದು ಕೇಳಿದರೆ ಒಂದಕ್ಕೊಂದು ಅಡ್ಡಬರುವುದಿಲ್ಲ. ನಿಮ್ಮ ಡೊಂಬಿವಲಿ ಭಾಗದ ಸ್ಥಳೀಯ ಸಮಿತಿಯವರನ್ನು ಮೊದಲು ಕಾಣಿರಿ; ಕೇಂದ್ರ ಕಚೇರಿಗೆ ಅರ್ಜಿ ಅವರ ಶಿಫಾರಸಿನೊಂದಿಗೆ ಹೋದರೆ ನಿಮ್ಮ ಪರಿಸ್ಥಿತಿಯನ್ನು ಮತ್ತೆ ವಿವರಿಸಬೇಕಾಗುವುದಿಲ್ಲ. ಅಂಕಪಟ್ಟಿ, ಕ್ಯಾಪ್‌ನ ಸೀಟು ಹಂಚಿಕೆ ಪತ್ರ, ಶುಲ್ಕ ರಸೀದಿ ಇವುಗಳ ಝೆರಾಕ್ಸ್ ಪ್ರತಿಗಳನ್ನು ಈಗಲೇ ಎರಡು ಸೆಟ್ ಮಾಡಿಟ್ಟುಕೊಳ್ಳಿ, ಒಂದು ಸಂಘಕ್ಕೆ, ಇನ್ನೊಂದು ಬ್ಯಾಂಕಿಗೆ.