ಸಹಾಯ ಬೇಕು: ಹುಬ್ಬಳ್ಳಿ-ಧಾರವಾಡ ಕಾಲೇಜು ದಿನಗಳ ಬಸ್ ಫೋಟೋಗಳು

ಎಲ್ಲರಿಗೂ ನಮಸ್ಕಾರ. 2008ರ ಸುಮಾರಿಗೆ ಹುಬ್ಬಳ್ಳಿಯಿಂದ ಧಾರವಾಡದ ಕರ್ನಾಟಕ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದ ನಾವು ಗೆಳತಿಯರು ಮತ್ತೆ ಸೇರುತ್ತಿದ್ದೇವೆ. ಆ ದಿನಗಳ ಒಂದು ಆಲ್ಬಮ್ ಮಾಡಬೇಕು ಅಂತ ಆಸೆ. ಆದರೆ ಆಗ ನಮ್ಮ ಯಾರ ಹತ್ತಿರವೂ ಕ್ಯಾಮೆರಾ ಇರಲಿಲ್ಲ.

2018ರಲ್ಲಿ ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ ಬರುವ ಮೊದಲಿನ ಫೋಟೋಗಳು ಬೇಕು. ಖಾಸಗಿಯವರ ಬೇಂದ್ರೆ ಬಸ್ ಆಗಲಿ, ಸರ್ಕಾರಿ ಬಸ್ ಆಗಲಿ, ಪರವಾಗಿಲ್ಲ. ಬಸ್ಸಿನ ಒಳಗಿನ ಚಿತ್ರ ಸಿಕ್ಕರೆ ಇನ್ನೂ ಖುಷಿ. ನಮ್ಮ ನಿಜವಾದ ಕಾಲೇಜು ಅದೇ ಅಲ್ವಾ! ಉಣಕಲ್ ಕೆರೆ ಬರುವ ಹೊತ್ತಿಗೆ ಸೀಟು ಸಿಕ್ಕವರ ತೊಡೆ ಮೇಲೆ ಎಲ್ಲರ ಬ್ಯಾಗು. ನವನಗರದಲ್ಲಿ ಹತ್ತುವವಳಿಗೆ ಜಾಗ ಹಿಡಿಯುವುದು. ಪರೀಕ್ಷೆ ಇದ್ದರೆ ಸತ್ತೂರು, ನವಲೂರು ದಾಟುವವರೆಗೂ ನೋಟ್ಸ್ ಓದುವುದು. ಯಾರದೋ ಡಬ್ಬಿಯ ಶೇಂಗಾ ಚಟ್ನಿ, ರೊಟ್ಟಿ ಟೋಲ್ ನಾಕಾ ಬರುವ ಮೊದಲೇ ಖಾಲಿ. ಜುಬಿಲಿ ಸರ್ಕಲ್‌ನಲ್ಲಿ ಇಳಿದ ಮೇಲೂ ಮಾತು ಮುಗಿಯುತ್ತಿರಲಿಲ್ಲ.

ಹಳೇ ಸ್ಟೂಡೆಂಟ್ ಪಾಸ್, ಟಿಕೆಟ್ ಯಾರಾದರೂ ಜೋಪಾನವಾಗಿ ಇಟ್ಟಿದ್ದರೆ ಅದರ ಫೋಟೋನೂ ಕಳಿಸಿ. ಪಾಸಿನ ಮೇಲಿನ ಹೆಸರು, ನಂಬರ್ ಮಾತ್ರ ಮುಚ್ಚಿರಿ. ಮಸುಕಾಗಿದ್ದರೂ ನಡೆಯುತ್ತದೆ. ಯಾವ ವರ್ಷ, ಯಾವ ಸ್ಟಾಪ್ ಅಂತ ಬರೆದರೆ ಆಲ್ಬಮ್‌ನಲ್ಲಿ ಹಾಗೇ ಹಾಕುತ್ತೇವೆ.