ಅಪ್‌ಡೇಟ್: ಅಂಡಮಾನ್‌ನಲ್ಲಿ ಬೈನಾಕ್ಯುಲರ್ ಮಂಜಾಗೋದಕ್ಕೆ ಪರಿಹಾರ ಸಿಕ್ತು

ಪ್ರಶ್ನೆ ಇಷ್ಟೇ ಇತ್ತು: ಬೆಂಗಳೂರಲ್ಲಿ ಎಂದೂ ತೊಂದರೆ ಕೊಡದ ಬೈನಾಕ್ಯುಲರ್, ಕ್ಯಾಮೆರಾ ಲೆನ್ಸ್ ಅಂಡಮಾನ್‌ನಲ್ಲಿ ಬೆಳಗ್ಗೆ ತಣ್ಣನೆ ಎಸಿ ರೂಮಿಂದ ಹೊರಗಿನ ತೇವದ ಗಾಳಿಗೆ ತಂದ ಕೂಡಲೇ ಮಂಜಾಗುತ್ತೆ, ಏನು ಮಾಡೋದು?

ಕೆಲಸ ಮಾಡಿದ್ದು ಜಿಪ್‌ಲಾಕ್ ಚೀಲದ ಸಲಹೆ. ಎಸಿ ರೂಮಿನೊಳಗೇ ಚೀಲಕ್ಕೆ ಹಾಕಿ, ಗಾಳಿ ಹಿಂಡಿ ಮುಚ್ಚಬೇಕು. ಹೊರಗೆ ತಂದು ಮುಕ್ಕಾಲು ಗಂಟೆ ತೆರೆಯಬಾರದು. ನೀರ ಹನಿ ಚೀಲದ ಮೇಲೆ ಕೂರುತ್ತೆ, ಗಾಜಿನ ಮೇಲಲ್ಲ. ಇನ್ನೂ ಸುಲಭದ್ದು: ಬ್ಯಾಗನ್ನು ರಾತ್ರಿ ಎಸಿ ಇಲ್ಲದ ಕಡೆ ಇಡೋದು.

ಬಟ್ಟೆಯಲ್ಲಿ ಒರೆಸೋದು ದಂಡ. ಗಾಜು ತಣ್ಣಗಿರೋವರೆಗೂ ಮಂಜು ಮತ್ತೆ ಬರುತ್ತೆ. ಸಿಲಿಕಾ ಜೆಲ್ (ತೇವ ಹೀರೋ ಮಣಿಗಳ ಪೊಟ್ಟಣ) ಒಂದೇ ಸಾಲದು; ಅದು ತೇವ ಹೀರುತ್ತೆ, ಗಾಜನ್ನು ಬೆಚ್ಚಗೆ ಮಾಡಲ್ಲ. ಮಳೆಯಲ್ಲಿ ನೆಂದ ಸಾಮಾನು ರಾತ್ರಿ ಒಣಗಿಸೋಕೆ ಮಾತ್ರ ಬೇಕೇ ಬೇಕು. ಜೆಲ್‌ನ ಕಿತ್ತಳೆ ಮಣಿ ಹಸಿರಾದರೆ ಅದರ ಕಥೆ ಮುಗೀತು, ಬಿಸಿ ಮಾಡಿ ಒಣಗಿಸಬೇಕು. ಹೇರ್ ಡ್ರೈಯರ್‌ನಿಂದ ಗಾಜು ಬಿಸಿ ಮಾಡಿ ಅನ್ನೋ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬೇಡಿ.

ಗೊತ್ತಿರದ ಒಂದು ವಿಷಯ: ಜೂಮ್ ಲೆನ್ಸ್ ಉದ್ದ ಮಾಡಿದಾಗ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತೆ. ತಣ್ಣಗಿರುವಾಗ ತಿರುಗಿಸಿದರೆ ಮಂಜು ಗಾಜುಗಳ ನಡುವೆ ಸೇರುತ್ತೆ, ಅಲ್ಲಿಗೆ ಬಟ್ಟೆ ತಲುಪಲ್ಲ. ಒಳಗೆ ಒಣ ನೈಟ್ರೋಜನ್ ಅನಿಲ ತುಂಬಿ ಮುಚ್ಚಿದ ಬೈನಾಕ್ಯುಲರ್‌ಗೆ ಈ ಭಯ ಇಲ್ಲ, ಹೊರಗಾಜು ಮಾತ್ರ ಮಂಜಾಗುತ್ತೆ.

ಹೊತ್ತಿನ ಲೆಕ್ಕವೂ ಬದಲಿಸಿಕೊಳ್ಳಿ. ಪೋರ್ಟ್ ಬ್ಲೇರ್ (ಈಗ ಶ್ರೀ ವಿಜಯ ಪುರಂ) ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಡಿಸೆಂಬರ್‌ನಲ್ಲಿ ಸಂಜೆ 5ರ ಹೊತ್ತಿಗೇ ಸೂರ್ಯ ಮುಳುಗುತ್ತೆ. ಅಲ್ಲೇ ಹತ್ತಿರದ ಚಿಡಿಯಾ ಟಾಪುವಿನಲ್ಲಿ ಗೂಬೆ ನೋಡೋರು 4 ಗಂಟೆಗೇ ಚೀಲ ಹೊರಗಿಡಿ.