ಸರ್ಕಾರಿ ಯೋಜನೆಯ ‘ಬಿಸಿನೆಸ್ ಕೇಸ್’ಗೆ ಕನ್ನಡದಲ್ಲಿ ಏನನ್ನಬೇಕು?

ಬಳಗದ ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಒಂದು ಪದದ ತಕರಾರು ತಂದಿದ್ದೇನೆ.

ತಾಲ್ಲೂಕು ಮಟ್ಟದ ಎಂಜಿನಿಯರುಗಳು, ಪಿಡಿಒಗಳು (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು), ಯೋಜನಾ ಶಾಖೆಯ ಗುಮಾಸ್ತರಿಗೆ ಅಂತ ಒಂದು ತರಬೇತಿ ಕೈಪಿಡಿಯನ್ನು ಕನ್ನಡಕ್ಕೆ ಮಾಡಿಕೊಡುತ್ತಿದ್ದೇನೆ. ಸರ್ಕಾರಿ ಯೋಜನೆಗೆ ಹಣ ಕೇಳುವ ಮುಂಚೆ ಏನೇನು ವಿಚಾರ ಮಾಡಬೇಕು ಅನ್ನೋದು ವಿಷಯ. ಮೂಲದಲ್ಲಿ ಎಲ್ಲಿ ನೋಡಿದರೂ ‘ಬಿಸಿನೆಸ್ ಕೇಸ್’. ಯಂತ್ರಾನುವಾದಕ್ಕೆ ಹಾಕಿದರೆ ‘ವ್ಯಾಪಾರ ಪ್ರಕರಣ’ ಅನ್ನುತ್ತದೆ, ಇಲ್ಲವೇ ‘ವ್ಯವಹಾರ ಪ್ರಕರಣ’. ನೋಡೋಣ ಅಂತ ಹಾಗೇ ಇಟ್ಟು, ಪರಿಚಯದ ಹಿರಿಯ ಗುಮಾಸ್ತರೊಬ್ಬರಿಗೆ ಒಂದು ಅಧ್ಯಾಯ ಕೊಟ್ಟೆ. ಅರ್ಧ ಪುಟ ಓದಿ ತಲೆ ಎತ್ತಿದವರೇ, “ಈ ಪ್ರಕರಣ ಯಾರ ಮ್ಯಾಲ ಆಗ್ಯಾದ್ರಿ?” ಅಂದರು.

ಅವರು ಕೇಳಿದ್ದು ಸರಿಯಾಗೇ ಇದೆ. ಕನ್ನಡದಲ್ಲಿ ಪ್ರಕರಣ ಅಂದರೆ ಕಳವು ಪ್ರಕರಣ, ಲಂಚ ಪ್ರಕರಣ. ಕೇಸು ಅಂದರೂ ಅಷ್ಟೇ, ಹಾಕೋದು, ಓಡಾಡೋದು, ಗೆಲ್ಲೋದು, ಸೋಲೋದು. ಅದಕ್ಕೆ ‘ವ್ಯವಹಾರ’ ಸೇರಿಸಿದರೆ ಇನ್ನೂ ಕಷ್ಟ. ‘ಅಲ್ಲಿ ಏನೋ ವ್ಯವಹಾರ ನಡೆದಿದೆ’ ಅಂದರೆ ನಮ್ಮಲ್ಲಿ ಯಾರೂ ಅದನ್ನು ಒಳ್ಳೇ ಸುದ್ದಿ ಅಂತ ತಿಳಿಯುವುದಿಲ್ಲ. ಹಳೆಯ ಧರ್ಮಶಾಸ್ತ್ರದಲ್ಲಂತೂ ವ್ಯವಹಾರ ಅಂದರೇ ವ್ಯಾಜ್ಯ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದ ತುಂಬ ಸಾಲ, ಸಾಕ್ಷಿ, ಆಸ್ತಿ ಪಾಲು. ಅದಕ್ಕೆ ಮಿತಾಕ್ಷರಾ ಅನ್ನುವ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಡೆಯವನೇ, ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದವನು, ಅಂದರೆ ಬೀದರ್ ಜಿಲ್ಲೆಯ ಈಗಿನ ಬಸವಕಲ್ಯಾಣ. ಕಲಬುರಗಿ ಹತ್ತಿರದ ಮರತೂರು ಅವನ ಊರು ಅಂತ ಇಲ್ಲಿಯವರ ನಂಬಿಕೆ. ‘ವ್ಯವಹಾರ ಪ್ರಕರಣ’ವನ್ನು ಅವನ ಕೈಗೆ ಕೊಟ್ಟಿದ್ದರೆ ಮೊದಲು ವಾದಿ ಯಾರು, ಪ್ರತಿವಾದಿ ಯಾರು ಅಂತಲೇ ಕೇಳುತ್ತಿದ್ದ.

ಅರ್ಥ ಹೇಳಿಬಿಡುತ್ತೇನೆ, ಆಮೇಲೆ ಪದ ಹುಡುಕೋಣ. ಇಲ್ಲಿ ‘ಕೇಸ್’ ಅಂದರೆ ಕಾರಣ ಕೊಟ್ಟು ಮಂಡಿಸುವ ವಾದ. ‘ಬಿಸಿನೆಸ್’ ಅಂದರೆ ಅಂಗಡಿ ವ್ಯಾಪಾರ ಅಲ್ಲ, ಕೈಗೆತ್ತಿಕೊಳ್ಳಬೇಕೆಂದಿರುವ ಕೆಲಸ. ಒಂದು ಯೋಜನೆಗೆ ರೊಕ್ಕ ಸುರಿಯುವ ಮೊದಲು, ಇದು ಬೇಕಾ, ಇದೇ ಬೇಕಾ, ಬೇರೆ ದಾರಿ ಇಲ್ಲವಾ, ಏನೂ ಮಾಡದೆ ಬಿಟ್ಟರೆ ಏನಾಗುತ್ತದೆ ಅಂತ ಬರೆದಿಡುವ ಕಾಗದ ಅದು. ಸರ್ಕಾರಿ ಯೋಜನೆಗಳನ್ನು ತೂಗಿ ನೋಡೋಕೆ ಬ್ರಿಟನ್ನಿನ ಖಜಾನೆ ಇಲಾಖೆ ಮಾಡಿದ ಮಾರ್ಗದರ್ಶಿ ‘ಗ್ರೀನ್ ಬುಕ್’. ಅದರ ಪದ್ಧತಿಯಲ್ಲಿ ಇದಕ್ಕೆ ಐದು ಮುಖ. ಯಾಕೆ ಬೇಕು ಅನ್ನೋದು ‘ಸ್ಟ್ರಾಟೆಜಿಕ್’. ಯಾವ ದಾರಿಯಿಂದ ಸಮಾಜಕ್ಕೆ ಜಾಸ್ತಿ ಒಳಿತು ಅನ್ನೋದು ‘ಎಕನಾಮಿಕ್’. ಯಾರಿಂದ, ಯಾವ ಗುತ್ತಿಗೆಯಲ್ಲಿ ಮಾಡಿಸೋದು ಅನ್ನೋದು ‘ಕಮರ್ಷಿಯಲ್’. ರೊಕ್ಕ ಎಲ್ಲಿಂದ, ನಡೆಸೋ ಖರ್ಚು ಯಾರದು ಅನ್ನೋದು ‘ಫೈನಾನ್ಷಿಯಲ್’. ಯಾರು ಹೊಣೆ, ಆಮೇಲೆ ಫಲ ಸಿಕ್ಕಿತಾ ಅಂತ ನೋಡೋರು ಯಾರು ಅನ್ನೋದು ‘ಮ್ಯಾನೇಜ್‌ಮೆಂಟ್’. ದೊಡ್ಡ ಯೋಜನೆಯಾದರೆ ಇದನ್ನೇ ಮೂರು ಸುತ್ತು ಬರೆಯಬೇಕು, ಮೊದಲು ರೂಪುರೇಖೆ, ಆಮೇಲೆ ಕರಡು, ಕೊನೆಗೆ ಪೂರ್ತಿ. ಯಾವ ಸುತ್ತಿನಲ್ಲಾದರೂ ‘ಬೇಡ’ ಅನ್ನಬಹುದು. ಆ ‘ಬೇಡ’ ಅನ್ನುವ ಸ್ವಾತಂತ್ರ್ಯವೇ ಈ ಕಾಗದದ ಬೆಲೆ ಅಂತ ನನಗನಿಸುತ್ತದೆ. ಅದಕ್ಕೆ ಪದದಲ್ಲೂ ಜಾಗ ಇರಬೇಕು ಅನ್ನೋದೇ ನನ್ನ ಹಟ.

ನಮ್ಮ ಕಚೇರಿ ಕನ್ನಡ ಈ ವಿಷಯದಲ್ಲಿ ಬಡವಾಗಿಲ್ಲ. ಪ್ರಸ್ತಾವನೆ ಇದೆ, ಅಂದಾಜು ಪಟ್ಟಿ ಇದೆ, ಕ್ರಿಯಾ ಯೋಜನೆ ಇದೆ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಕಾರ್ಯಾದೇಶ ಇದೆ. ಸಮಗ್ರ ಯೋಜನಾ ವರದಿ ಅಂತ ಪತ್ರಿಕೆಯವರು ಬರೆದರೂ ಎಲ್ಲರ ಬಾಯಲ್ಲಿ ಡಿಪಿಆರ್. ಆದರೆ ಇವನ್ನೆಲ್ಲ ಒಂದೊಂದಾಗಿ ನೋಡಿ. ಅಂದಾಜು ಪಟ್ಟಿ ಎಷ್ಟು ಅಂತ ಹೇಳುತ್ತದೆ. ಡಿಪಿಆರ್ ಹೇಗೆ ಅಂತ ಹೇಳುತ್ತದೆ. ಮಂಜೂರಾತಿ ಆಯಿತು ಅನ್ನುತ್ತದೆ. ಯಾಕೆ ಅನ್ನೋದಕ್ಕೆ ಬೇರೆ ಹೆಸರಿನ ಕಾಗದ ಇಲ್ಲ. ಅದು ಟಿಪ್ಪಣಿ ಹಾಳೆಯ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ.

ಆ ವಾಕ್ಯ ನಿಮಗೂ ಗೊತ್ತು. ಯಾದಗಿರಿ ಜಿಲ್ಲೆಯ ಒಂದು ಹಳ್ಳಿ, ಹೆಸರು ಬೇಡ. ಓವರ್‌ಹೆಡ್ ಟ್ಯಾಂಕ್ ಕಟ್ಟುವ ಕಾಮಗಾರಿ. ಕಡತ ದಪ್ಪಗಿತ್ತು. ನಕ್ಷೆ ಇತ್ತು. ಎಸ್‌ಆರ್ ದರದ (ಸರ್ಕಾರಿ ದರಪಟ್ಟಿಯ) ಪ್ರಕಾರ ಅಗೆತ, ಕಾಂಕ್ರೀಟು, ಕಬ್ಬಿಣ, ಸೆಂಟ್ರಿಂಗು, ಎಲ್ಲ ಪೈಸೆವರೆಗೆ ಲೆಕ್ಕ ಹಾಕಿದ್ದರು. ಟಿಪ್ಪಣಿ ಹಾಳೆಯಲ್ಲಿ ಇದ್ದದ್ದು ಇಷ್ಟು: “ಸದರಿ ಗ್ರಾಮದಲ್ಲಿ ಕುಡಿಯುವ ನೀರಿನ ಸಮಸ್ಯೆ ಇದ್ದು, ಸಾರ್ವಜನಿಕರ ಬೇಡಿಕೆ ಇರುವುದರಿಂದ, ಸದರಿ ಕಾಮಗಾರಿಯು ಅತ್ಯವಶ್ಯಕವಾಗಿದ್ದು, ಆಡಳಿತಾತ್ಮಕ ಅನುಮೋದನೆಗಾಗಿ ಮಂಡಿಸಿದೆ.” ಎರಡು ‘ಸದರಿ’, ಒಂದು ‘ಅತ್ಯವಶ್ಯಕ’, ಕೆಳಗೆ ಸಹಿಗಳು. ಟ್ಯಾಂಕು ಎದ್ದಿತು. ನೀರು ಏರಲಿಲ್ಲ. ಆ ಊರಿಗೆ ಕಮ್ಮಿ ಇದ್ದದ್ದು ಟ್ಯಾಂಕಲ್ಲ, ಬೇಸಿಗೆಯಲ್ಲೂ ನೀರು ಕೊಡೋ ಬೋರು. ಇದ್ದ ಬೋರಿನಲ್ಲಿ ಏಪ್ರಿಲ್ ಬಂದರೆ ಮೋಟಾರು ಗಾಳಿ ಎಳೆಯುತ್ತಿತ್ತು. ಇದನ್ನು ತಿಳಿಯೋಕೆ ಎಂಜಿನಿಯರೂ ಬೇಕಿರಲಿಲ್ಲ, ವಾಟರ್‌ಮನ್‌ಗೆ ಕೇಳಿದ್ದರೆ ಸಾಕಿತ್ತು. ಆದರೆ ಕಡತದಲ್ಲಿ ಅದನ್ನು ಕೇಳುವ ಜಾಗವೇ ಇರಲಿಲ್ಲ. ಹಳೇ ಪೈಪಿನ ಸೋರಿಕೆ ನಿಲ್ಲಿಸಿದರೆ ಎಷ್ಟು ನೀರು ಉಳಿಯುತ್ತದೆ, ಪಕ್ಕದ ಊರಿನ ಬಾವಿಯಿಂದ ತಂದರೆ ಖರ್ಚೆಷ್ಟು, ಕರೆಂಟ್ ಬಿಲ್ ಪಂಚಾಯಿತಿ ಕಟ್ಟುತ್ತಾ? ‘ಅತ್ಯವಶ್ಯಕ’ ಅಂತ ಬರೆದ ಮೇಲೆ ಇವೆಲ್ಲ ಸುಮ್ನೆ ಅಧಿಕಪ್ರಸಂಗ ಅನಿಸಿಬಿಡುತ್ತವೆ, ಅಲ್ವಾ?

ದೊಡ್ಡ ಕೆಲಸಗಳಲ್ಲಿ ಈ ಕೇಳಾಟ ಇಲ್ಲವೇ ಇಲ್ಲ ಅಂತಲ್ಲ. ದೊಡ್ಡ ಯೋಜನೆಗಳನ್ನು ಪರಿಶೀಲಿಸೋಕೆ ಕೇಂದ್ರದ ಹಣಕಾಸು ಸಚಿವಾಲಯದಲ್ಲಿ ವೆಚ್ಚ ಹಣಕಾಸು ಸಮಿತಿ ಇದೆ. ರೈಲ್ವೆಯವರು ಹೊಸ ಮಾರ್ಗಕ್ಕೆ ಹಾಕಿದ ಬಂಡವಾಳಕ್ಕೆ ಶೇಕಡಾ ಎಷ್ಟು ಆದಾಯ ಬರುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಇಷ್ಟಾದರೂ ಬರಬೇಕು ಅನ್ನುವ ಗೆರೆ ಬಹಳ ಕಾಲ ಶೇ 14ರಷ್ಟಿತ್ತು. ಇಲ್ಲೇ ನಮ್ಮ ಭಾಗದ ಜನಕ್ಕೆ ಈ ಪದದ ಬಗ್ಗೆ ಅನುಮಾನ ಹುಟ್ಟುವುದು. ಬೀದರ್–ಕಲಬುರಗಿ ರೈಲು ಮಾರ್ಗವನ್ನೇ ತಗೊಳ್ಳಿ. 110 ಕಿಲೋಮೀಟರ್. 1997-98ರಲ್ಲಿ ಮಂಜೂರಾಯಿತು, ಆಗಿನ ಅಂದಾಜು ಸುಮಾರು 370 ಕೋಟಿ ರೂಪಾಯಿ. ಉದ್ಘಾಟನೆ ಆದದ್ದು 2017ರ ಅಕ್ಟೋಬರ್ 29ಕ್ಕೆ. ಅಷ್ಟೊತ್ತಿಗೆ ಖರ್ಚು 1,500 ಕೋಟಿ ದಾಟಿತ್ತು. ಅಲ್ಲಿವರೆಗೆ ಕಲಬುರಗಿಯಿಂದ ಬೀದರಿಗೆ ರೈಲಲ್ಲಿ ಹೋಗಬೇಕು ಅಂದರೆ ವಾಡಿ, ತಾಂಡೂರು, ವಿಕಾರಾಬಾದ್ ಸುತ್ತಿ ಬರಬೇಕಿತ್ತು. ಯಾರೂ ಹಾಗೆ ಹೋಗುತ್ತಿರಲಿಲ್ಲ, ಹುಮನಾಬಾದ್ ಮೇಲೆ ಬಸ್ಸೇ ಗತಿ. ಬರೀ ಟಿಕೆಟ್ಟು, ಸರಕಿನ ಆದಾಯದ ತಕ್ಕಡಿಯಲ್ಲಿ ತೂಗಿದ್ದರೆ ಈ ಮಾರ್ಗ ಆಗುತ್ತಿತ್ತಾ? ನನಗೆ ಅನುಮಾನ. ಹಾಗಂತ ವಿಚಾರ ಮಾಡಿ ಬರೆದಿಡುವ ಕಾಗದವೇ ಬೇಡ ಅಂದರೂ ನಷ್ಟ ನಮಗೇ. ಯಾಕೆ ಬೇಕು ಅಂತ ಗಟ್ಟಿಯಾಗಿ ಬರೆದಿಟ್ಟಿರದ ಯೋಜನೆಗೆ ವರ್ಷವರ್ಷ ಬಜೆಟ್ಟಿನಲ್ಲಿ ಚಿಲ್ಲರೆ ಹಣ ಸಿಗುತ್ತದೆ, ಕೆಲಸ ಎಳೆದಷ್ಟೂ ಖರ್ಚು ಏರುತ್ತದೆ.

ಆದ್ದರಿಂದ ‘ಲಾಭ’, ‘ವ್ಯಾಪಾರ’, ‘ವಾಣಿಜ್ಯ’ ಇರುವ ಯಾವ ಪದವನ್ನೂ ನಾನು ಒಪ್ಪಲಾರೆ. 2002ರ ನಂಜುಂಡಪ್ಪ ಸಮಿತಿ ವರದಿ ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲಬುರಗಿಯಲ್ಲೇ ಪ್ರದೇಶಾಭಿವೃದ್ಧಿ ಮಂಡಳಿ ಆಯಿತು. ಇವೆಲ್ಲ ನಿಂತಿರುವುದು ಲಾಭ ಬರದ ಕಡೆಯೂ ಹಣ ಹಾಕಬೇಕು ಅನ್ನುವ ವಾದದ ಮೇಲೆ. ಅಂಥ ವಾದವನ್ನೇ ಬರೆದಿಡಬೇಕಾದ ಕಾಗದಕ್ಕೆ ‘ವ್ಯಾಪಾರ ಪ್ರಕರಣ’ ಅಂತ ಹೆಸರಿಟ್ಟರೆ ಓದುವ ಅಧಿಕಾರಿ ಮೊದಲ ಸಾಲಿನಲ್ಲೇ ದಾರಿ ತಪ್ಪುತ್ತಾನೆ.

ಇದಕ್ಕಿಂತ ದೊಡ್ಡ ಸಿಕ್ಕು ‘ಆರ್ಥಿಕ’ದ್ದು. ಎಕನಾಮಿಕ್ ಅಂದರೂ ಆರ್ಥಿಕ, ಫೈನಾನ್ಷಿಯಲ್ ಅಂದರೂ ಆರ್ಥಿಕ. ನಮ್ಮ ರಾಜ್ಯದ ಫೈನಾನ್ಸ್ ಡಿಪಾರ್ಟ್‌ಮೆಂಟಿನ ಹೆಸರೇ ಆರ್ಥಿಕ ಇಲಾಖೆ. ಹಾಗಾಗಿ ‘ಆರ್ಥಿಕವಾಗಿ ಸಮಂಜಸ’ ಅಂತ ಬರೆದರೆ ಓದುವವರಿಗೆ ಹೊಳೆಯುವುದು ಆರ್ಥಿಕ ಇಲಾಖೆಯ ಸಹಮತಿ ಸಿಕ್ಕಿದೆ ಅಂತ. ಆದರೆ ಐದು ಮುಖಗಳಲ್ಲಿ ಈ ಎರಡರ ಜವಾಬು ಬೇರೆ ಬೇರೆ ಬರಬಹುದು. ಸುರಪುರ ಕಡೆಯ ಹಳ್ಳಿಗೆ ಬೆಳಗ್ಗೆ ಹೋಗಿಬರುವ ಒಂದು ಸಾರಿಗೆ ಬಸ್ಸು ಡೀಸೆಲ್ ಖರ್ಚನ್ನೂ ಹುಟ್ಟಿಸದೆ ಇರಬಹುದು. ಹಣದ ಲೆಕ್ಕದಲ್ಲಿ ನಷ್ಟ. ಆದರೆ ಅದೇ ಬಸ್ಸಿನಲ್ಲಿ ಹುಡುಗಿಯರು ಪಿಯುಸಿ ಓದೋಕೆ ಹೋಗುತ್ತಾರೆ, ಬಸುರಿಯರು ಆಸ್ಪತ್ರೆಗೆ ಹೋಗುತ್ತಾರೆ. ಸಮಾಜದ ಲೆಕ್ಕದಲ್ಲಿ ಭರ್ತಿ ಫಾಯಿದೆ. ಇನ್ನೊಂದು ಉದಾಹರಣೆ ನೋಡಿ. ಬೀದರಿನಿಂದ ಬೆಂಗಳೂರಿಗೆ 2020ರ ಫೆಬ್ರುವರಿ 7ಕ್ಕೆ ವಿಮಾನ ಶುರುವಾಯಿತು. ಸಣ್ಣ ಊರುಗಳಿಗೆ ವಿಮಾನ ಓಡಿಸಲು ಕೇಂದ್ರ ಕೊಡುವ ಉಡಾನ್ ಸಹಾಯಧನ ಆಗ ಇದ್ದದ್ದು ಮೂರು ವರ್ಷದ ಮಟ್ಟಿಗೆ. ಅದರಾಚೆ ಖಾಲಿ ಸೀಟಿನ ಖರ್ಚು ಯಾರದು? ಇದು ಫೈನಾನ್ಷಿಯಲ್ ಪ್ರಶ್ನೆ, ಊರಿಗೆ ಒಳ್ಳೇದಾ ಅನ್ನೋದು ಬೇರೆ ಪ್ರಶ್ನೆ. ಕೈಪಿಡಿಯಲ್ಲಿ ನಾನು ಸದ್ಯಕ್ಕೆ ಎಕನಾಮಿಕ್‌ಗೆ ‘ಒಳಿತಿನ ಲೆಕ್ಕ’, ಫೈನಾನ್ಷಿಯಲ್‌ಗೆ ‘ಹಣದ ಲೆಕ್ಕ’ ಅಂತ ಹಾಕಿದ್ದೇನೆ. ಕಚೇರಿ ಕನ್ನಡಕ್ಕೆ ಇದು ತೀರಾ ಸಾದಾ ಆಯಿತು ಅನ್ನುವವರಿದ್ದಾರೆ. ಸಾದಾ ಇರಲಿ ಬಿಡಿ.

ಇನ್ನು ಮುಖ್ಯ ಪದ.

‘ಸಮರ್ಥನೆ’ ಮೊದಲು ಹೊಳೆಯುತ್ತದೆ. ‘ಯೋಜನಾ ಸಮರ್ಥನೆ’ ಅಂತ ಹಲವರು ಸೂಚಿಸಿದರು. ನನಗೆ ಒಪ್ಪಿಗೆಯಿಲ್ಲ. ಸಮರ್ಥನೆ ಮಾಡುವುದು ಮಾಡಿ ಮುಗಿಸಿದ್ದಕ್ಕೆ, ಇಲ್ಲವೇ ಮಾಡಿಯೇ ತೀರುತ್ತೇನೆ ಅಂದದ್ದಕ್ಕೆ. ಮಂತ್ರಿಗಳು ತಮ್ಮ ನಿರ್ಧಾರ ಸಮರ್ಥಿಸಿಕೊಂಡರು ಅಂತ ದಿನಾ ಓದುತ್ತೇವಲ್ಲ, ಅದೇ ವಾಸನೆ. ಅಲ್ಲಿ ‘ಬೇಡ’ಕ್ಕೆ ಜಾಗವಿಲ್ಲ.

‘ಕಾರ್ಯಸಾಧ್ಯತಾ ವರದಿ’ ಆಗಲೇ ಫೀಸಿಬಿಲಿಟಿ ರಿಪೋರ್ಟಿಗೆ ಹೋಗಿದೆ. ಅದು ಆಗುತ್ತದಾ ಅಂತ ಕೇಳುತ್ತದೆ, ಬೇಕಾ ಅಂತ ಕೇಳುವುದಿಲ್ಲ. ‘ಸಾಧಕ ಬಾಧಕ’ ಚೆನ್ನಾಗಿದೆ, ಮಾತಿನಲ್ಲಿ ಬಳಕೆಯೂ ಇದೆ. ಆದರೆ ‘ಸಾಧಕ ಬಾಧಕ ವರದಿ’ ಅಂದರೆ ಒಂದೇ ಯೋಜನೆಯ ಒಳಿತು ಕೆಡುಕು ಅಷ್ಟೇ ಅನಿಸುತ್ತದೆ, ನಾಲ್ಕು ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಅರ್ಥ ಬರುವುದಿಲ್ಲ.

ನಮ್ಮ ಕಡೆಯ ಮಾತಿನಲ್ಲಿ ಎರಡು ಚಂದದ ಪದ ಇವೆ. ನಿಜಾಮರ ಕಾಲದಲ್ಲಿ ಕಚೇರಿ ಉರ್ದುವಿನಲ್ಲೇ ನಡೆದದ್ದರಿಂದ ಉಳಿದವು. ಒಂದು ‘ಜರೂರತ್ತು’. ‘ಇದರ ಜರೂರತ್ತು ಏನದ?’ ಅಂತ ನಮ್ಮ ಹಿರಿಯರು ಕೇಳುವ ಧಾಟಿಯೇ ಅರ್ಧ ಬಿಸಿನೆಸ್ ಕೇಸ್. ಇನ್ನೊಂದು ‘ವಾಜಬಿ’. ವಾಜಬಿ ರೇಟು, ವಾಜಬಿ ಮಾತು. ಖರ್ಚು ವಾಜಬಿ ಅದ ಏನು ಅಂದರೆ ಬರೀ ಅಗ್ಗವಾ ಅಂತಲ್ಲ, ನ್ಯಾಯವಾಗಿದೆಯಾ, ತಕ್ಕುದಾ ಅಂತಲೂ ಹೌದು. ‘ವಾಜಬಿ ವರದಿ’ ಅನ್ನೋಣ ಅಂತ ಆಸೆ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಕೈಪಿಡಿ ಮೈಸೂರು, ಮಂಗಳೂರು ಕಡೆಗೂ ಹೋಗುವುದಿದ್ದರೆ ಅಲ್ಲಿ ಇದನ್ನು ಬಿಡಿಸಿ ಹೇಳುತ್ತಾ ಕೂರಬೇಕು. ಒಬ್ಬರು ‘ಕೈಫಿಯತ್ತು’ ಅಂದರು. ಅದು ಕೋರ್ಟಿನಲ್ಲಿ ಪ್ರತಿವಾದಿ ಬರೆದುಕೊಡುವ ಹೇಳಿಕೆ. ಬ್ರಿಟಿಷ್ ಸರ್ವೇಯರ್ ಮೆಕೆಂಜಿ ಊರೂರಿಂದ ಬರೆಸಿಕೊಂಡ ಸ್ಥಳೀಯ ಚರಿತ್ರೆಗಳಾದ ಕೈಫಿಯತ್ತುಗಳ ನೆನಪೂ ಬರುತ್ತದೆ. ಪದ ರುಚಿಯಾಗಿದೆ, ಆದರೆ ಮತ್ತೆ ಕೋರ್ಟಿಗೇ ಹೋದ ಹಾಗಾಯಿತು.

ಸದ್ಯ ನಾನು ನಿಂತಿರುವುದು ‘ಔಚಿತ್ಯ ವರದಿ’ ಹತ್ತಿರ. ಸಂಸ್ಕೃತದ ಪದವೇ, ಆದರೆ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ‘ಇದರ ಔಚಿತ್ಯವೇನು?’ ಅಂತ ಸದನದಲ್ಲೂ ಕೇಳುತ್ತಾರೆ, ಮನೆ ಜಗಳದಲ್ಲೂ ಕೇಳುತ್ತಾರೆ. ಆ ಪ್ರಶ್ನೆಗೆ ‘ಔಚಿತ್ಯ ಕಾಣುವುದಿಲ್ಲ’ ಅಂತ ಜವಾಬು ಬರೆದರೆ ಕನ್ನಡ ಎಲ್ಲೂ ಮುಗ್ಗರಿಸುವುದಿಲ್ಲ. ಟಿಪ್ಪಣಿ ಹಾಳೆಯಲ್ಲೂ ಸಲೀಸಾಗಿ ಕೂರುತ್ತದೆ: “ಔಚಿತ್ಯ ವರದಿಯಲ್ಲಿನ ಮೂರನೇ ಆಯ್ಕೆಯನ್ನು ಶಿಫಾರಸು ಮಾಡಿದೆ.” ಡಿಪಿಆರ್ ಥರ ‘ಬಿಸಿನೆಸ್ ಕೇಸ್’ ಅನ್ನೇ ಕನ್ನಡ ಅಕ್ಷರದಲ್ಲಿ ಬಿಡಿ ಅನ್ನುವವರಿಗೆ ನನ್ನ ಬಳಿ ಒಂದೇ ಉತ್ತರ: ‘ಕೇಸ್’ ಕನ್ನಡದಲ್ಲಿ ಖಾಲಿ ಕೂತಿಲ್ಲ, ಪೊಲೀಸ್ ಠಾಣೆಯಲ್ಲಿ ಕೆಲಸ ಮಾಡುತ್ತಿದೆ.

ಬಳಗಕ್ಕೆ ನನ್ನ ಕೇಳಿಕೆ ಇಷ್ಟು. ಬೆಂಗಳೂರಿನ ಸಚಿವಾಲಯದ ಕಡತಗಳಲ್ಲಿ ಇದಕ್ಕೆ ಬೇರೆ ಪದ ಚಾಲ್ತಿಯಲ್ಲಿದೆಯಾ? ಬೀದರಿನ ಗಡಿ ತಾಲ್ಲೂಕುಗಳ ಸದಸ್ಯರು ಮರಾಠಿ ಕಚೇರಿ ಮಾತಿನಲ್ಲಿ ಇದಕ್ಕೇನಂತಾರೆ ಅಂತ ವಿಚಾರಿಸಿ ಬರೆಯಬಹುದಾ? ‘ಏನೂ ಮಾಡದಿರುವ ಆಯ್ಕೆ’ಗೆ ‘ಯಥಾಸ್ಥಿತಿ’ ಅಂತ ಹಾಕಿದ್ದೇನೆ, ಆದರೆ ಅದನ್ನು ಓದಿದ ತಕ್ಷಣ ಕೋರ್ಟಿನ ತಡೆಯಾಜ್ಞೆ ನೆನಪಾಗುತ್ತದೆ. ‘ಇದ್ದಂತೆ ಬಿಡುವುದು’ ಅಂದರೆ ಸಾಕಾ? ಕಚೇರಿಯಲ್ಲಿ ಕೆಲಸ ಮಾಡುವವರು ಪಕ್ಕದ ಮೇಜಿನವರಿಗೆ ಏನೂ ವಿವರಿಸದೆ ‘ಔಚಿತ್ಯ ವರದಿ’ ಅಂತ ಬರೆದು ತೋರಿಸಿ, ಅವರಿಗೆ ಏನು ಅರ್ಥವಾಯಿತು ಅಂತ ತಿಳಿಸಿದರೆ ಬಹಳ ಉಪಕಾರ.